ಕಪ್ಪು ಗಾಜು ಮತ್ತು ಖಾಲಿ ಸೇತುವೆ

ನಮ್ಮ ಭಾವ ಸುಳ್ಳು ಹೇಳುವವರಲ್ಲ. ಅವರ ಕ್ಯಾಮೆರಾ ಕೂಡ ಸುಳ್ಳು ಹೇಳಿದ್ದಲ್ಲ. ಈ ಇಬ್ಬರು ಸತ್ಯವಂತರು ಸೇರಿ, ದಿನಕ್ಕೆ ಸಾವಿರಾರು ಜನ ದಾಟುವ ಸೇತುವೆಯ ಮೇಲೆ ಒಂದು ನರಪಿಳ್ಳೆಯೂ ಓಡಾಡುವುದಿಲ್ಲವೆಂದು ಸಾಬೀತು ಮಾಡಿದ ಸಂಗತಿಯನ್ನು ನಾನೇ ಹೇಳುವುದು ಒಳ್ಳೆಯದು. ಬೇರೆಯವರು ಹೇಳಿದರೆ ಭಾವನ ತಪ್ಪು ದೊಡ್ಡದಾಗಿ ಕಾಣುತ್ತದೆ. ನಾನು ಹೇಳಿದರೂ ಕಾಣುತ್ತದೆ. ಆದರೆ ಆರು ವರ್ಷದಿಂದ ಅವರ ಮನೆಯ ಅನ್ನ ತಿಂದವನಾದ್ದರಿಂದ, ತುಸು ಕಡಿಮೆ.

ಭಾವ ಪುರಸಭೆಯ ಕಾಮಗಾರಿ ವಿಭಾಗದಲ್ಲಿ ನಕ್ಷೆ ಬರೆಯುವವರು. ಇಪ್ಪತ್ತಾರು ವರ್ಷ ಚರಂಡಿ, ಮೋರಿ, ಕಾಂಪೌಂಡು ಗೋಡೆಗಳನ್ನು ಕಾಗದದ ಮೇಲೆ ಎಳೆದೂ ಎಳೆದೂ, ಜಗತ್ತಿನಲ್ಲಿ ಇದಕ್ಕಿಂತ ಅಗಲವಾದದ್ದು ಏನೋ ಇರಬೇಕೆಂಬ ಅನುಮಾನ ಅವರಿಗೆ ಐವತ್ತನೆಯ ವಯಸ್ಸಿನಲ್ಲಿ ಬಂತು. ಇಂಥ ಅನುಮಾನ ಬಂದಾಗ ಕೆಲವರು ದೇಶ ಸುತ್ತುತ್ತಾರೆ, ಕೆಲವರು ಗಡ್ಡ ಬಿಡುತ್ತಾರೆ. ಭಾವ ಒಂದು ಲೆನ್ಸು ತಂದರು.

ಅದು ಅಂತಿಂಥ ಲೆನ್ಸಲ್ಲ. ಕೋಣೆಯ ಒಂದು ಮೂಲೆಯಲ್ಲಿ ನಿಂತರೆ ಎದುರಿನ ಗೋಡೆ, ಎಡಗೋಡೆ, ಬಲಗೋಡೆ, ಜೊತೆಗೆ ನಿಂತವನ ಚಪ್ಪಲಿಯ ತುದಿ ಇಷ್ಟನ್ನೂ ಒಂದೇ ತುತ್ತಿಗೆ ನುಂಗುವಂಥದ್ದು. ಅದರ ಮುಂದಿನ ಗಾಜು ಕಪ್ಪೆಯ ಕಣ್ಣಿನ ಹಾಗೆ ಉಬ್ಬಿಕೊಂಡಿತ್ತು. ಅದನ್ನು ಅವರು ಊಟದ ಮೇಜಿನ ಮೇಲಿಟ್ಟಾಗ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

"ಅದಕ್ಕೆ ಮುಚ್ಚಳ ಹಾಕಿ. ನನ್ನನ್ನೇ ನೋಡ್ತಾ ಇದೆ."

"ನಿನ್ನನ್ನ ಮಾತ್ರ ಅಲ್ಲ ಕಣೇ. ಅಡುಗೆಮನೆ, ಹಿತ್ತಿಲು ಎಲ್ಲಾ ನೋಡ್ತಾ ಇದೆ. ಅದೇ ಇದರ ಗುಟ್ಟು."

ಗುಟ್ಟು ಎನ್ನುವ ಮಾತನ್ನು ಭಾವ ಬಹಳ ಬಳಸುತ್ತಾರೆ. ಅವರು ಗುಟ್ಟು ಎಂದದ್ದೆಲ್ಲ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ.

ಒಂದು ತಿಂಗಳು ಎಲ್ಲವೂ ನೆಮ್ಮದಿಯಾಗಿತ್ತು. ಆಮೇಲೆ, ದೊಡ್ಡ ಛಾಯಾಗ್ರಾಹಕರೆಲ್ಲ ಲೆನ್ಸಿನ ಮುಂದೆ ಫಿಲ್ಟರು ಹಾಕುತ್ತಾರೆಂದು ಅವರಿಗೆ ತಿಳಿಯಿತು. ಸಾಮಾನ್ಯ ಫಿಲ್ಟರು ದುಂಡಗಿದ್ದು ಲೆನ್ಸಿನ ಬಾಯಿಗೆ ತಿರುಪಿಕೊಳ್ಳುತ್ತದೆ. ಉಬ್ಬುಗಣ್ಣಿನ ಲೆನ್ಸಿಗೆ ತಿರುಪೇ ಇಲ್ಲ. ಅದಕ್ಕೆ ಚೌಕದ ವ್ಯವಸ್ಥೆಯೇ ಆಗಬೇಕು: ಲೆನ್ಸಿನ ಕೊರಳಿಗೆ ಒಂದು ಬಳೆ, ಬಳೆಗೆ ಊಟದ ತಟ್ಟೆಯಷ್ಟಗಲದ ಚೌಕಟ್ಟು, ಚೌಕಟ್ಟಿನಲ್ಲಿ ಗಾಜು ಇಳಿಬಿಡುವ ಮೂರು ಸೀಳುಪಟ್ಟಿ, ಪಟ್ಟಿಯಲ್ಲಿ ಗೇಣಗಲದ ಚೌಕ ಗಾಜು. ಪಾರ್ಸೆಲ್ಲು ಬಂದ ದಿನ ಅಕ್ಕ ಒಂದು ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು.

"ಏನೂ ಕಾಣಲ್ವಲ್ಲ ಇದರಲ್ಲಿ."

"ಕಾಣಬಾರದು. ಸಾವಿರ ಪಾಲು ಬೆಳಕು ಬಂದ್ರೆ ಒಂದು ಪಾಲು ಒಳಗೆ ಬಿಡುತ್ತೆ. ಹಾಗಾಗಿ ಕ್ಯಾಮೆರಾ ಬಾಗಿಲನ್ನ ನಿಮಿಷಗಟ್ಟಲೆ ತೆರೆದಿಡಬಹುದು. ಅದೇ ಇದರ ಗುಟ್ಟು."

"ಎಲ್ಲಾ ಕಾಣೋ ಲೆನ್ಸು ತಂದು, ಅದರ ಮುಂದೆ ಏನೂ ಕಾಣದ ಗಾಜು ಇಡೋದು. ಸರಿ. ಇದನ್ನ ನಿಮ್ಮ ಆಫೀಸಲ್ಲಿ ಕಲಿಸಿದ್ರಾ?" ಎಂದು ಅಕ್ಕ ಗಾಜನ್ನು ಕೆಳಗಿಟ್ಟಳು. "ಬಚ್ಚಲ ಕಿಟಕಿಗೆ ಎರಡು ವರ್ಷದಿಂದ ಗಾಜಿಲ್ಲ. ಅಳತೆ ಸರಿಯಾಗಿದೆ. ಯೋಚನೆ ಮಾಡಿ."

ಭಾವ ಯೋಚನೆ ಮಾಡಲಿಲ್ಲ, ಫೋಟೋ ತೆಗೆದರು. ಮೊದಲ ಫೋಟೋದ ನಾಲ್ಕೂ ಮೂಲೆ ಕಪ್ಪಗಿತ್ತು. ಅಷ್ಟು ಅಗಲ ನೋಡುವ ಲೆನ್ಸು ತನ್ನ ಕನ್ನಡಕದ ಅಂಚನ್ನೂ ಬಿಟ್ಟಿರಲಿಲ್ಲ. ಭಾವ ಮೂರು ಸೀಳುಪಟ್ಟಿಗಳಲ್ಲಿ ಮುಂದಿನದನ್ನು ಕಳಚಿದರು, ಮೂಲೆ ತಿಳಿಯಾಯಿತು. ಎರಡನೆಯ ಫೋಟೋ ಮನೆಯವರದು. ಇಂಥ ಲೆನ್ಸಿನಲ್ಲಿ ನಡುವೆ ಇರುವವರು ನೆಟ್ಟಗೆ ಬರುತ್ತಾರೆ, ಅಂಚಿನಲ್ಲಿರುವವರು ಹಿಟ್ಟಿನ ಹಾಗೆ ಎಳೆದುಕೊಳ್ಳುತ್ತಾರೆ. ಅಂಚಿನಲ್ಲಿ ಅಕ್ಕ ಇದ್ದಳು. ಅವಳ ಬಲಗೈ ಹಲಗೆಯಷ್ಟಾಗಿತ್ತು. ಎರಡು ದಿನ ಆ ಕೈಯಿಂದ ಭಾವನಿಗೆ ಕಾಫಿ ಸಿಗಲಿಲ್ಲ.

ಮೂರನೆಯ ತೊಂದರೆ ಸೂಕ್ಷ್ಮವಾದದ್ದು. ಚೌಕಟ್ಟಿಗೂ ಲೆನ್ಸಿಗೂ ನಡುವೆ ಕೂದಲೆಳೆಯ ಸಂದು. ಅಲ್ಲಿಂದ ಬೆಳಕು ನುಗ್ಗಿ ಫೋಟೋದ ಮೇಲೆ ಬಿಳಿ ಬರೆ ಎಳೆಯುತ್ತಿತ್ತು. ಇದಕ್ಕೆ ಪರಿಹಾರ ಕೊಟ್ಟದ್ದು ಬ್ರಿಜ್ಜಿನ ಟೈಲರಣ್ಣ.

ಬ್ರಿಜ್ಜು ಎಂದರೆ ರೈಲುಹಳಿಯ ಮೇಲಿನ ಕಬ್ಬಿಣದ ಕಾಲುಸೇತುವೆ. ಈಚೆ ಮನೆಗಳು, ಆಚೆ ಆಸ್ಪತ್ರೆ, ಶಾಲೆ, ಅಂಗಡಿ. ಬ್ರಿಜ್ಜಿಲ್ಲದಿದ್ದರೆ ಗೇಟು ಬಳಸಿ ಮುಕ್ಕಾಲು ಗಂಟೆ ನಡೆಯಬೇಕು. ಮೆಟ್ಟಿಲು ಹತ್ತಿದೊಡನೆ ಸಿಗುವ ಅಗಲವಾದ ಸಿಮೆಂಟಿನ ಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದು ಹೊಲಿಗೆ ಯಂತ್ರ, ಅದರ ಹಿಂದೆ ಟೈಲರಣ್ಣ. ಹರಿದ ಚೀಲ, ಉದುರಿದ ಗುಂಡಿ, ಕಿತ್ತ ಜಿಪ್ಪು, ನಡೆಯುತ್ತಾ ಕೊಟ್ಟು ನಡೆಯುತ್ತಾ ತೆಗೆದುಕೊಳ್ಳುವ ವ್ಯಾಪಾರ. ಅವನ ಕಣ್ಣು ಮಾತ್ರ ಈಚೆಗೆ ಮಂಕಾಗಿತ್ತು.

"ಇದಕ್ಕೂ ಕಾಲರ್ರಾ ಸಾರ್?" ಎಂದು ಅವನು ಲೆನ್ಸನ್ನು ತಿರುಗಿಸಿ ತಿರುಗಿಸಿ ನೋಡಿದ.

"ಬೆಳಕು ನುಗ್ಗುತ್ತಪ್ಪ."

"ನನಗೆ ಬೆಳಕು ಸಾಲ್ದು, ನಿಮಗೆ ಜಾಸ್ತಿ ಆಗಿದೆ. ಕೊಡಿ." ಕಪ್ಪು ಬಟ್ಟೆಯಲ್ಲಿ, ಎಲಾಸ್ಟಿಕ್ಕು ಸೇರಿಸಿ, ಅಂಗಿಯ ತೋಳಿನ ಪಟ್ಟಿಯಂಥದ್ದೊಂದನ್ನು ಹೊಲಿದುಕೊಟ್ಟ. ಕೂಡಿಸಿದರೆ ಕೂದಲಷ್ಟು ಬೆಳಕೂ ನುಸುಳಲಿಲ್ಲ. "ನೀವು ಬ್ರಿಜ್ಜಿನ ಫೋಟೋ ತೆಗೆದ್ರೆ ಅದರಲ್ಲಿ ನಾನೂ ಇರಬೇಕು, ಅಷ್ಟೇ. ಇಷ್ಟು ವರ್ಷ ಕೂತಿದೀನಿ, ಒಂದು ಗುರುತಿಲ್ಲ."

ಅವನ ಕೋರಿಕೆ ಇಷ್ಟು ಬೇಗ ಈಡೇರೀತೆಂದು ಯಾರೂ ಎಣಿಸಿರಲಿಲ್ಲ. ಮುಂದಿನ ವಾರವೇ ಮೇಲಿನ ಕಚೇರಿಯಿಂದ ಕಾಗದ ಬಂತು: ಹಳೆಯ ಕಾಲುಸೇತುವೆ ತುಕ್ಕು ಹಿಡಿದಿದೆ, ರಿಪೇರಿ ಮಾಡಬೇಕೋ ಕೆಡವಬೇಕೋ ತೀರ್ಮಾನಿಸಲು, ಜನಸಂಚಾರದ ಹೊತ್ತಿನಲ್ಲಿ ತೆಗೆದ ಒಂದು ಛಾಯಾಚಿತ್ರ ಕಳುಹಿಸತಕ್ಕದ್ದು. ಭಾವನ ಮೇಲಧಿಕಾರಿ ಕಾಗದವನ್ನು ಅವರ ಕೈಗಿಟ್ಟು, "ಫೋನಲ್ಲೇ ಒಂದು ಹೊಡ್ಕೊಂಡು ಬನ್ನಿ" ಎಂದರು.

ಫೋನಲ್ಲೇ ಎನ್ನುವ ಮಾತು ಭಾವನ ಎದೆಗೆ ನಾಟಿತು. ಹುಲಿ ಸಾಕಿದವನಿಗೆ ಇಲಿ ಹಿಡಿಯಲು ಹೇಳಿದಂತಾಯಿತು.

ಮರುದಿನ ಬೆಳಿಗ್ಗೆ ಹತ್ತು ಗಂಟೆ. ಮೋಡ ಕವಿದಿತ್ತು. ಭಾವ ಸಿಮೆಂಟಿನ ಕಟ್ಟೆಯ ಹಿಂಬದಿಯ ಗೋಡೆಗೆ ಬೆನ್ನು ಕೊಟ್ಟು ಕ್ಯಾಮೆರಾದ ಮುಕ್ಕಾಲಿ ನಿಲ್ಲಿಸಿದರು. ಬಳೆ, ಕಾಲರು, ಚೌಕಟ್ಟು, ಒಂದರ ಹಿಂದೆ ಒಂದು ಎರಡು ಕಪ್ಪು ಗಾಜು. ನಾನು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನು. ಅಲ್ಲಿಗೆ ಹನ್ನೊಂದಕ್ಕೆ ಹೋದರೆ ಸಾಕಾದ್ದರಿಂದ ಗಡಿಯಾರ ನೋಡುವ ಕೆಲಸ ನನಗೆ ಬಿತ್ತು. ಜನ ಹೊಳೆಯ ಹಾಗೆ ಹರಿಯುತ್ತಿದ್ದರು. ನಮ್ಮ ಬೀದಿಯ ನರ್ಸಮ್ಮ ಮುಕ್ಕಾಲಿಯ ಕಾಲು ದಾಟಿಕೊಂಡು, "ಸ್ವಲ್ಪ ಈಚೆ ಇಟ್ಕೊಳ್ಳಿ ಸಾರ್, ಡ್ಯೂಟಿಗೆ ಹೊತ್ತಾಯ್ತು" ಎಂದು ಓಡಿದರು. ನಿವೃತ್ತ ಮೇಷ್ಟ್ರು ಲೆನ್ಸಿನೊಳಗೆ ಇಣುಕಿ ಕಪ್ಪು ಗಾಜಿನಲ್ಲಿ ತಲೆ ಬಾಚಿಕೊಂಡರು. ಭಾವ ಗುಂಡಿ ಒತ್ತಿದರು. ನಾಲ್ಕು ನಿಮಿಷ.

ಆ ನಾಲ್ಕು ನಿಮಿಷ ಟೈಲರಣ್ಣ ಸೂಜಿಗೆ ದಾರ ಪೋಣಿಸುತ್ತಿದ್ದ. ಸೂಜಿಯನ್ನು ಮೂಗಿನ ಮುಂದೆ ಹಿಡಿದು, ಉಸಿರು ಕಟ್ಟಿ, ಕಲ್ಲಿನ ಹಾಗೆ ಕೂತಿದ್ದ.

ಸಂಜೆ ಫೋಟೋ ನೋಡಿದೆವು. ಮೋಡ ಹಿಂಜಿದ ಹತ್ತಿಯಾಗಿ ಹರಡಿತ್ತು. ಕಬ್ಬಿಣದ ಕಂಬಿಗಳು ದೂರದಲ್ಲೊಂದು ಚುಕ್ಕೆಗೆ ಓಡಿಹೋಗಿದ್ದವು. ಸೇತುವೆ ಈ ತುದಿಯಿಂದ ಆ ತುದಿಗೆ ಖಾಲಿ.

"ಜನ ಎಲ್ಲಿ?" ಎಂದಳು ಅಕ್ಕ.

"ಹೋದ್ರು."

"ಎಲ್ಲಿಗೆ?"

"ಅವರವರ ಕೆಲಸಕ್ಕೆ. ನಾಲ್ಕು ನಿಮಿಷ ತೆರೆದಿಟ್ರೆ ನಿಂತದ್ದು ಮಾತ್ರ ಉಳಿಯುತ್ತೆ. ನಡೆಯೋದೆಲ್ಲ ಅಳಿಸಿಹೋಗುತ್ತೆ. ನೋಡು, ಎಷ್ಟು ಶಾಂತವಾಗಿದೆ."

"ಜನ ಇಲ್ದಿದ್ರೆ ಸ್ಮಶಾನಾನೂ ಶಾಂತವಾಗೇ ಇರುತ್ತೆ" ಎಂದು ಅಕ್ಕ ಎದ್ದುಹೋದಳು. ಮನೆಯಲ್ಲಿ ಒಬ್ಬರು ಎಚ್ಚರಿಕೆ ಕೊಟ್ಟರು ಎಂಬುದನ್ನು ದಾಖಲಿಸಬೇಕಾದ್ದು ನನ್ನ ಧರ್ಮ. ಭಾವ ಆ ಹೊತ್ತಿಗೆ ವರದಿ ಬರೆಯುತ್ತಿದ್ದರು. ಎರಡು ಪುಟ. ಲೆನ್ಸಿನ ಅಗಲ, ಗಾಜುಗಳ ಕಪ್ಪು, ನಾಲ್ಕು ನಿಮಿಷ, ಎಲ್ಲವೂ ಇತ್ತು. ಜನ ಅಳಿಸಿಹೋದ ವಿಷಯ ಮಾತ್ರ ಇರಲಿಲ್ಲ. ಅದು ನೋಡಿದವರಿಗೇ ಹೊಳೆದರೆ ಚೆನ್ನ ಎಂದು ಬಿಟ್ಟಿದ್ದರಂತೆ.

ಹೊಳೆಯಿತು, ಬೇರೆ ಥರ. ಹದಿನೈದು ದಿನಕ್ಕೆ ಆದೇಶ ಬಂತು. ಭಾವ ಅದನ್ನು ಮನೆಗೆ ತಂದು, ಬಾಗಿಲು ಹಾಕಿ, ನನ್ನ ಕೈಗೆ ಕೊಟ್ಟರು. "ಓದಪ್ಪ. ನನಗೆ ಕನ್ನಡಕ ಸಿಕ್ಕಲಿಲ್ಲ." ಕನ್ನಡಕ ಅವರ ಮೂಗಿನ ಮೇಲೇ ಇತ್ತು.

"ಬೆಳಿಗ್ಗೆ ಹತ್ತು ಗಂಟೆಯ ಸಮಯದಲ್ಲೂ ಸದರಿ ಸೇತುವೆಯ ಮೇಲೆ ಯಾವುದೇ ಜನಸಂಚಾರ ಇಲ್ಲದಿರುವುದು ಸತತ ನಾಲ್ಕು ನಿಮಿಷಗಳ ವೀಕ್ಷಣೆಯಿಂದ ದೃಢಪಟ್ಟಿದೆ. ಸೇತುವೆಯ ಮುಖದಲ್ಲಿ ಒಬ್ಬ ವ್ಯಕ್ತಿಯು ಸುಮಾರು ಆರು ಅಡಿ ಉದ್ದದ ಯಂತ್ರವನ್ನು ಸ್ಥಾಪಿಸಿ ಕಾರ್ಖಾನೆ ನಡೆಸುತ್ತಿದ್ದು, ವೀಕ್ಷಣೆಯ ಅವಧಿಯಲ್ಲಿ ಯಾವುದೇ ಕೆಲಸ ಮಾಡುತ್ತಿರಲಿಲ್ಲ. ಕಾರ್ಖಾನೆಯನ್ನು ತೆರವುಗೊಳಿಸಿ ಸೇತುವೆಯನ್ನು ಕೆಡವತಕ್ಕದ್ದು."

ಯಂತ್ರ ಫೋಟೋದ ಅಂಚಿನಲ್ಲಿತ್ತು. ಅಕ್ಕನ ಕೈಗಾದದ್ದೇ ಅದಕ್ಕೂ ಆಗಿತ್ತು.

ಸುದ್ದಿ ಬೀದಿಗೆ ತಿಳಿಯಲು ಒಂದು ಮಧ್ಯಾಹ್ನ ಸಾಕಾಯಿತು. ಮೇಷ್ಟ್ರು ಮನೆಗೇ ಬಂದರು. "ನಾನು ಆ ಹೊತ್ತಲ್ಲಿ ಅಲ್ಲೇ ಇದ್ದೆ. ತಲೆ ಕೂಡ ಬಾಚಿಕೊಂಡೆ. ನನ್ನನ್ನ ಯಾವ ಆಧಾರದ ಮೇಲೆ ತೆಗೆದುಹಾಕಿದ್ರಿ?" ಎಂದರು.

"ನೀವು ಅಲ್ಲಾಡಿದ್ರಿ ಮೇಷ್ಟ್ರೇ."

"ಬದುಕಿರೋನು ಅಲ್ಲಾಡದೆ ಇರ್ತಾನಾ?"

ಭಾವ ಮೇಷ್ಟ್ರಿಗೆ ಕುರ್ಚಿ ಎಳೆದುಕೊಟ್ಟರು. ಅವರು ಟೈಲರಣ್ಣನ ಹತ್ತಿರ ಹೋಗಲು ಹೆದರುತ್ತಿದ್ದರು. ಮೂರು ದಿನ ಗೇಟು ಬಳಸಿ ಆಫೀಸಿಗೆ ಹೋಗಿ, ಕಾಲಿಗೆ ಬೊಬ್ಬೆ ಬಂದ ಮೇಲೆ, ನಾಲ್ಕನೆಯ ದಿನ ಬ್ರಿಜ್ಜು ಹತ್ತಿದರು. ನಾನೂ ಇದ್ದೆ. ಟೈಲರಣ್ಣ ಯಾರದೋ ಶಾಲೆಯ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದ. ಆದೇಶದ ಒಂದು ಪ್ರತಿ ಯಂತ್ರದ ಮೇಲೆ, ಕತ್ತರಿಯ ಕೆಳಗಿತ್ತು.

"ಬನ್ನಿ ಸಾರ್. ನನ್ನದು ಕಾರ್ಖಾನೆ ಅಂತೆ."

"ತಪ್ಪಾಗಿಹೋಯ್ತು ಕಣಯ್ಯಾ."

"ಅದಿರಲಿ. ನನ್ನ ಮಾವ ಇಪ್ಪತ್ತು ವರ್ಷದಿಂದ ಹೇಳ್ತಾ ಬಂದ್ರು, ನಿನ್ನದೂ ಒಂದು ಕೆಲಸಾನಾ ಅಂತ. ಈ ಕಾಗದ ಅವರಿಗೆ ತೋರಿಸ್ಬೇಕು." ಪೆಡಲು ತುಳಿಯುತ್ತಲೇ ಇದ್ದ. ಚೀಲವನ್ನು ತಿರುಗಿಸಿಕೊಂಡು, ತಲೆಯೆತ್ತದೆ ಕೇಳಿದ: "ಇಲ್ಲಿಂದ ಎಬ್ಬಿಸಿದ್ರೆ ನಾನು ಎಲ್ಲಿ ಕೂತ್ಕೊಳ್ಳೋದು ಸಾರ್? ಕೂತಲ್ಲಿಗೆ ಬರೋ ಜನ ಅಲ್ಲ ಇವರು. ಹೋಗೋ ದಾರೀಲಿ ನಾನಿದೀನಿ ಅಂತ ಕೊಡ್ತಾರೆ."

ಭಾವ ಆ ದಿನವೇ ಮೇಲಿನ ಕಚೇರಿಗೆ ಹೋಗಿ, ಕೈಕಾಲು ಹಿಡಿದು, ಆದೇಶ ಬರೆದ ಪರಿಶೀಲಕರನ್ನು ಮರುದಿನ ಸ್ಥಳಕ್ಕೆ ಕರೆತಂದರು. ಬೆಳಿಗ್ಗೆ ಹತ್ತು ಗಂಟೆ. ಪರಿಶೀಲಕರು ಸೇತುವೆಯ ನಡುವೆ ಕಡತ ಹಿಡಿದು ನಿಂತರು. ಎಡದಿಂದ ಒಂದು ಬುಟ್ಟಿ ತಗುಲಿತು, ಬಲದಿಂದ ಒಂದು ಕೊಡೆ. ಯಾರೋ "ದಾರಿ ಬಿಡ್ರೀ" ಎಂದರು.

"ನೋಡಿದ್ರಲ್ಲ ಸಾರ್" ಎಂದರು ಭಾವ.

"ನೋಡಿದೆ. ಆದ್ರೆ ಕಣ್ಣಿಗೆ ಕಂಡದ್ದನ್ನ ಕಡತಕ್ಕೆ ಅಂಟಿಸೋಕಾಗುತ್ತೇನ್ರೀ? ಅಂಟಿಸಿರೋದು ನಿಮ್ಮ ಫೋಟೋ." ದಪ್ಪನೆಯವರೊಬ್ಬರು ದಾಟಲೆಂದು ಪರಿಶೀಲಕರು ಕಂಬಿಗೆ ಅಂಟಿ ನಿಂತು ಕೇಳಿದರು: "ಆ ಫೋಟೋ ಸುಳ್ಳು ಅಂತ ಬರ್ಕೊಡ್ತೀರಾ?"

"ಸುಳ್ಳಲ್ಲ ಸಾರ್. ಸುಳ್ಳು ದಾಖಲೆ ಕೊಟ್ಟೆ ಅಂತಾದ್ರೆ ನನ್ನ ಕೆಲಸ ಹೋಗುತ್ತೆ."

"ಹಾಗಾದ್ರೆ ನಿಜ. ನಿಜ ಆದ್ರೆ ಸೇತುವೆ ಖಾಲಿ."

ತರ್ಕ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನೇ ಹಾಕಿ ಸೇತುವೆ ರಿಪೇರಿ ಮಾಡಬಹುದಾಗಿತ್ತು. ಭಾವನ ಮುಖ ನೋಡಿ ಅವರಿಗೂ ಮರುಕವಾಗಿರಬೇಕು. "ಇನ್ನೊಂದು ಫೋಟೋ ಕೊಡಿ, ಸೇರಿಸ್ತೀನಿ" ಎಂದರು. ಭಾವ ಕೂಡಲೇ ಜೇಬಿನಿಂದ ಫೋನು ತೆಗೆದರು. ಪರಿಶೀಲಕರು ಕೈ ಅಡ್ಡ ಹಿಡಿದರು. "ಹಾಗಲ್ಲ. ಎರಡನ್ನ ಹೋಲಿಸ್ಬೇಕಲ್ಲ. ಅದೇ ಜಾಗ, ಅದೇ ಹೊತ್ತು, ಅದೇ ಲೆನ್ಸು, ಅದೇ ಗಾಜು, ಅದೇ ನಾಲ್ಕು ನಿಮಿಷ. ನೀವೇ ಎರಡು ಪುಟ ವಿಧಾನ ಬರೆದಿದೀರಿ. ಬದಲಾದ್ರೆ ಲೆಕ್ಕಕ್ಕಿಲ್ಲ. ಸೋಮವಾರ ನಾನೇ ಬಂದು ನಿಂತ್ಕೋತೀನಿ."

ಹೀಗೆ, ನಮ್ಮ ಬೀದಿಯ ಜನ ಸೇತುವೆಯನ್ನು ಬಳಸುತ್ತಾರೆಂದು ತೋರಿಸಲು, ಅವರೆಲ್ಲ ಅದರ ಮೇಲೆ ನಾಲ್ಕು ನಿಮಿಷ ಅಲ್ಲಾಡದೆ ನಿಲ್ಲಬೇಕಾಯಿತು.

ಭಾವ ಮನೆಮನೆ ಹತ್ತಿದರು. ಜನ ಜಗಳಕ್ಕೆ ಬೇಕಾದರೆ ನಾಲ್ಕು ಗಂಟೆ ನಿಲ್ಲುತ್ತಾರೆ. ಸುಮ್ಮನೆ ನಾಲ್ಕು ನಿಮಿಷ ಎಂದರೆ ನೂರು ತಕರಾರು. ಹಾಲಿನವನು, "ನನ್ನ ಕೈಲಿ ಒಂದು ನಿಮಿಷ ಆಗಲ್ಲ ಸಾರ್, ಎರಡು ಕಂತಲ್ಲಿ ನಿಲ್ಲಬಹುದಾ?" ಎಂದ. ಮೇಷ್ಟ್ರು ಮೂವತ್ತೈದು ವರ್ಷ ಮಕ್ಕಳನ್ನು ಅಲ್ಲಾಡದೆ ಕೂರಿಸಿದವರು; ತಮಗೆ ತರಬೇತಿ ಬೇಡವೆಂದರು. ಒಂದು ಮನೆಯವರು ಎದುರುಮನೆಯವರು ಬರುವುದಾದರೆ ತಾವು ಬರುವುದಿಲ್ಲವೆಂದರು, ಎದುರುಮನೆಯವರೂ ಅದನ್ನೇ ಹೇಳಿದರು. ಆರು ವರ್ಷದ ಕೆಳಗೆ ಒಂದು ನೀರಿನ ಪೈಪಿನಿಂದ ಹುಟ್ಟಿದ ಮೌನ ಅದು. ಭಾವ ಇಬ್ಬರಿಗೂ, ಇನ್ನೊಬ್ಬರು ಬರುವುದಿಲ್ಲವೆಂದು ಹೇಳಿ ಒಪ್ಪಿಸಿದರು. ಕನ್ನಡಕದ ಮಾತು ಬಿಟ್ಟರೆ, ಅವರು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನರ್ಸಮ್ಮ ಮಾತ್ರ ನೇರವಾಗಿ ಹೇಳಿದರು: "ಸಾರ್, ಹತ್ತೂಕಾಲಿಗೆ ನಾನು ವಾರ್ಡಲ್ಲಿರ್ಬೇಕು. ರಾತ್ರಿ ಪಾಳಿಯವಳು ಕಾಯ್ತಿರ್ತಾಳೆ. ನಿಂತ್ಕೊಳ್ಳೋಕಾಗಲ್ಲ. ಬೇಜಾರಾಗ್ಬೇಡಿ."

ಸೋಮವಾರ ಮೋಡವಿತ್ತು. ಹಿಂದಿನ ಸಂಜೆಯೇ ಭಾವ ಸೇತುವೆಯ ಮೇಲೆ ಸೀಮೆಸುಣ್ಣದಲ್ಲಿ ನಲವತ್ತೊಂದು ಜೊತೆ ಪಾದಗಳ ಗುರುತು ಬರೆದಿದ್ದರು, ನಕ್ಷೆಗಾರರಲ್ಲವೇ. ಆದರೆ ಅಕ್ಕ ಬೀದಿಯಲ್ಲೆಲ್ಲ ತನ್ನ ಕೈಯ ಕಥೆ ಹೇಳಿದ್ದಳು. ಯಾರೂ ಅಂಚಿಗೆ ಹೋಗಲೊಲ್ಲರು.

"ನಾನು ನಡುವೆ. ನನ್ನ ಮಗಳ ಮದುವೆ ಮಾತುಕತೆ ನಡೀತಿದೆ, ಫೋಟೋ ಯಾರ್ಯಾರು ನೋಡ್ತಾರೋ."

"ನಡುವೆ ಎಷ್ಟು ಜನ ಹಿಡಿಸ್ತಾರೆ? ಅಂಚಿಗೆ ಸಣ್ಣಗಿರೋರು ನಿಂತ್ಕೊಳ್ಳಲಿ, ಎಳೆದ್ರೂ ಸರಿಹೋಗುತ್ತೆ."

"ಸಣ್ಣಗಿರೋದು ಒಂದು ತಪ್ಪಾ?"

ಕೊನೆಗೆ ಅಕ್ಕನೇ ಸೆರಗು ಸಿಕ್ಕಿಸಿಕೊಂಡು ಅಂಚಿಗೆ ಹೋದಳು. ಭಾವ ಅವಳನ್ನು ನೋಡಿದರು. "ಏನ್ ನೋಡ್ತೀರಿ, ಇರೋ ಕೈ ತಾನೇ" ಎಂದಳು. ಉಳಿದವರು ಸದ್ದಿಲ್ಲದೆ ತಂತಮ್ಮ ಗುರುತಿನ ಮೇಲೆ ನಿಂತರು. ಹತ್ತೂ ಐದರ ಗಾಡಿ ಕೆಳಗೆ ಹಾದುಹೋಯಿತು. ಕಬ್ಬಿಣದ ನಡುಕ ನಿಲ್ಲುವವರೆಗೆ ಭಾವ ಕಾದರು. ಕಾಲರು ಸರಿಪಡಿಸಿದರು. ಎರಡು ಗಾಜು ಇಳಿಸಿದರು. ಪರಿಶೀಲಕರು ಮುಕ್ಕಾಲಿಯ ಪಕ್ಕದಲ್ಲಿ ಕಡತ ಹಿಡಿದು ನಿಂತಿದ್ದರು.

"ಈಗ" ಎಂದರು ಭಾವ.

ನಾನು ಗಡಿಯಾರ ನೋಡುತ್ತಿದ್ದೆ. ಮೊದಲ ಅರ್ಧ ನಿಮಿಷ ಏನೂ ಆಗಲಿಲ್ಲ, ಬರೀ ಕೆಮ್ಮನ್ನು ನುಂಗುವ ಸದ್ದು. ಆಮೇಲೆ ಸೇತುವೆ ಕೇಳಿಸತೊಡಗಿತು. ಇಷ್ಟು ವರ್ಷ ದಾಟಿದ್ದೇನೆ, ಅದಕ್ಕೊಂದು ದನಿ ಇದೆಯೆಂದು ಗೊತ್ತಿರಲಿಲ್ಲ. ಎಲ್ಲೋ ಒಂದು ರಿವೆಟ್ಟು ಟಿಕ್ಕೆಂದಿತು. ಗಾಳಿ ಕಂಬಿಗಳ ನಡುವೆ ಸಣ್ಣಗೆ ಊದಿತು. ಕೆಳಗೆ ಸಿಗ್ನಲ್ಲಿನ ತಂತಿ ಎಳೆದುಕೊಂಡಿತು. ಟೈಲರಣ್ಣನ ಯಂತ್ರ ನಿಂತಿತ್ತು. ಅದು ನಿಂತಾಗಲೇ, ಅದು ದಿನವೂ ಸದ್ದು ಮಾಡುತ್ತಿತ್ತೆಂದು ತಿಳಿದದ್ದು. ಅವನು ಈ ಸಲ ಸೂಜಿ ಹಿಡಿದಿರಲಿಲ್ಲ. ಎರಡು ಕೈಯನ್ನೂ ಯಂತ್ರದ ಮೇಲಿಟ್ಟು, ನೆಟ್ಟಗೆ ಕೂತು, ಇಪ್ಪತ್ತೆರಡು ವರ್ಷ ತನ್ನ ಮುಂದೆ ಓಡಿದ ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ.

ಪೈಪಿನ ಜಗಳದ ಇಬ್ಬರು, ಸೀಮೆಸುಣ್ಣದ ಗುರುತಿನ ದೆಸೆಯಿಂದ, ಮುಖಕ್ಕೆ ಮುಖ ಕೊಟ್ಟು ಮೂರಡಿ ಅಂತರದಲ್ಲಿ ನಿಂತಿದ್ದರು. ತಿರುಗುವಂತಿಲ್ಲ. ಕಣ್ಣು ಮುಚ್ಚಿದರೆ ಸೋತಂತೆ. ನೋಡುತ್ತಲೇ ಇದ್ದರು.

ಮೂರನೆಯ ನಿಮಿಷದಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ನರ್ಸಮ್ಮ. ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಾ ಹತ್ತಿ ಬಂದವರು ನಿಂತ ನಲವತ್ತೊಂದು ಜನರನ್ನು ಕಂಡು ತಡೆದರು. ಹತ್ತಿರದಲ್ಲಿದ್ದ ಮೇಷ್ಟ್ರ ಕಿವಿಯಲ್ಲಿ ಪಿಸುಗುಟ್ಟಿದರು: "ಯಾರು ಹೋಗಿದ್ದು?" ಮೇಷ್ಟ್ರು ಕಣ್ಣು ಕೂಡ ಮಿಟುಕಿಸಲಿಲ್ಲ. ಆಗ ನೆನಪಾಗಿರಬೇಕು; ಚಪ್ಪಲಿ ಕೈಗೆ ತೆಗೆದುಕೊಂಡು, ಯಾರ ಮೈಗೂ ತಾಗದೆ, ಅಡ್ಡಡ್ಡ ಸರಿದು, ನಿಂತವರ ಸಂದಿಯಲ್ಲಿ ಬರಿಗಾಲಲ್ಲಿ ನಡೆದುಹೋದರು. ಆಚೆಯ ಮೆಟ್ಟಿಲು ಇಳಿಯುವ ಸದ್ದು ಕೂಡ ಕೇಳಿಸಲಿಲ್ಲ.

"ಆಯ್ತು" ಎಂದೆ ನಾನು.

ಯಾರೂ ಕೂಡಲೇ ಅಲ್ಲಾಡಲಿಲ್ಲ. ಪರಿಶೀಲಕರೂ. ಅವರಿಗೆ ಯಾರೂ ನಿಲ್ಲಲು ಹೇಳಿರಲಿಲ್ಲ, ಆದರೂ ಕಡತವನ್ನು ಎದೆಗವಚಿಕೊಂಡು ಹಾಗೇ ನಿಂತಿದ್ದರು. ಮೊದಲು ಮಾತಾಡಿದ್ದು ಪೈಪಿನವರಲ್ಲೊಬ್ಬರು.

"ಕನ್ನಡಕ ಬದಲಾಯಿಸಿದ್ರಾ?"

"ಎರಡು ವರ್ಷ ಆಯ್ತು."

"ಚೆನ್ನಾಗಿದೆ."

ಅಷ್ಟೇ. ಪೈಪು ಇಂದಿಗೂ ಅಲ್ಲೇ ಇದೆ, ವಿವಾದವೂ ಇದೆ.

ಫೋಟೋ ಅದ್ಭುತವಾಗಿ ಬಂತು. ಮೇಲೆ ಹತ್ತಿಯಂಥ ಮೋಡ, ಕೆಳಗೆ ನಲವತ್ತೊಂದು ಜನ, ಕಡೆದಿಟ್ಟ ಹಾಗೆ. ಭಾವ ಅದನ್ನು ಕಳಿಸಿದರು. ಮೂರು ವಾರ ಅವರು ಮನೆಯಲ್ಲಿ ಗುಟ್ಟು ಎನ್ನುವ ಪದವನ್ನೇ ಆಡಲಿಲ್ಲ. ಆಮೇಲೆ ಬಂದ ಕಾಗದವನ್ನು ಬ್ರಿಜ್ಜಿನ ಮೇಲೆಯೇ, ಟೈಲರಣ್ಣನ ಎದುರು ನಾನು ಓದಿದೆ. ಸುತ್ತ ಜನ ಸೇರಿದರು.

"ಮೊದಲನೆಯ ಚಿತ್ರದಲ್ಲಿ ಜನರು ಇರುವುದಿಲ್ಲ. ಎರಡನೆಯ ಚಿತ್ರದಲ್ಲಿ ನಲವತ್ತೊಂದು ಜನರಿದ್ದು, ಅವರಲ್ಲಿ ಒಬ್ಬರೂ ಸೇತುವೆಯನ್ನು ದಾಟುತ್ತಿರುವುದಿಲ್ಲ. ಸತತ ನಾಲ್ಕು ನಿಮಿಷಗಳ ಕಾಲ ಎಲ್ಲರೂ ನಿಂತೇ ಇರುವುದು ದೃಢಪಟ್ಟಿದೆ."

"ಸತ್ವಿ" ಎಂದ ಹಾಲಿನವನು.

"ತಡಿಯಪ್ಪ" ಎಂದರು ಮೇಷ್ಟ್ರು.

"ಆದಕಾರಣ ಸದರಿ ರಚನೆಯು ಸೇತುವೆಯಾಗಿರದೆ ಸಾರ್ವಜನಿಕ ವಿಶ್ರಾಂತಿ ಸ್ಥಳವೆಂದು ಕಂಡುಬರುತ್ತದೆ. ಸೇತುವೆಯಲ್ಲದ್ದನ್ನು ಕೆಡವಲು ಈ ವಿಭಾಗಕ್ಕೆ ಅಧಿಕಾರವಿರುವುದಿಲ್ಲ. ಹಿಂದಿನ ಆದೇಶವನ್ನು ರದ್ದುಪಡಿಸಿ ಕಡತವನ್ನು ಉದ್ಯಾನ ವಿಭಾಗಕ್ಕೆ ವರ್ಗಾಯಿಸಿದೆ. ಎರಡೂ ಚಿತ್ರಗಳಲ್ಲಿ ಸ್ಥಳದಲ್ಲೇ ಕುಳಿತಿರುವ ವ್ಯಕ್ತಿಯನ್ನು ಸದರಿ ಸ್ಥಳದ ಉಸ್ತುವಾರಿಯೆಂದು ಪರಿಗಣಿಸಬಹುದು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಟೈಲರಣ್ಣ ಕೇಳಿದ: "ಅಂದ್ರೆ, ಕೂತಿರಬಹುದಾ?"

"ಕೂತೇ ಇರಬೇಕಂತೆ" ಎಂದೆ.

ಅವನು ತಲೆಯಾಡಿಸಿ, ಪೆಡಲಿನ ಮೇಲೆ ಕಾಲಿಟ್ಟ. ಭಾವ ಕಂಬಿಯ ಕಡೆ ತಿರುಗಿ, ಬಹಳ ಹೊತ್ತು ರೈಲುಹಳಿ ನೋಡಿದರು. ರೈಲು ಯಾವುದೂ ಬರಲಿಲ್ಲ.

ಉದ್ಯಾನ ವಿಭಾಗದವರು ತುಕ್ಕು ಹಿಡಿದ ತಗಡುಗಳನ್ನು 'ಉದ್ಯಾನದ ಕಾಲುದಾರಿ' ಎಂಬ ಹೆಸರಿನಲ್ಲಿ ಬದಲಾಯಿಸಿದರು, ಕಂಬಿಗೆಲ್ಲ ಹಸಿರು ಬಣ್ಣ ಬಳಿದರು, ನಟ್ಟನಡುವೆ ಒಂದು ಬೆಂಚು ಹಾಕಿದರು. ಆ ಬೆಂಚಿಗೆ ಮೊಣಕಾಲು ತಗುಲಿಸಿಕೊಳ್ಳದೆ ಈಗ ಯಾರೂ ದಾಟುವಂತಿಲ್ಲ. ಭಾವ ಎರಡನೆಯ ಫೋಟೋದ ದೊಡ್ಡ ಪ್ರತಿ ಮಾಡಿಸಿ, ಟೈಲರಣ್ಣನ ಬೆನ್ನಹಿಂದಿನ ಗೋಡೆಗೆ ಹಾಕಿಸಿದರು. ಜನ ಜಿಪ್ಪು ಕೊಟ್ಟು ಕಾಯುವಷ್ಟು ಹೊತ್ತು ತಮ್ಮನ್ನು ತಾವು ಹುಡುಕಿಕೊಳ್ಳುತ್ತಾರೆ. ಅಕ್ಕ ತನ್ನ ಕೈಯನ್ನು ಬೆರಳಿಟ್ಟು ತೋರಿಸುತ್ತಾಳೆ, ಈಗ ಸ್ವಲ್ಪ ಹೆಮ್ಮೆಯಿಂದಲೇ.

ಒಂದು ಬೆಳಿಗ್ಗೆ ನರ್ಸಮ್ಮನ ಚೀಲದ ಹಿಡಿ ಕಿತ್ತುಬಂದಿತ್ತು. ಟೈಲರಣ್ಣ ಹೊಲಿಯುವಷ್ಟರಲ್ಲಿ ಅವರು ಫೋಟೋವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ಭಾವನೂ ನಾನೂ ಆಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದೆವು.

"ಸಾರ್, ಅವತ್ತು ನಾನೂ ಬಂದೆನಲ್ಲ, ಚಪ್ಪಲಿ ಕೈಲಿ ಹಿಡ್ಕೊಂಡು. ಎಲ್ಲಿದೀನಿ?"

ಆ ನಾಲ್ಕು ನಿಮಿಷದಲ್ಲಿ ಸೇತುವೆಯನ್ನು ನಿಜವಾಗಿ ದಾಟಿದವರು ಅವರೊಬ್ಬರೇ. ಭಾವ ಲೆನ್ಸಿನ ವಿಷಯ, ಗಾಜಿನ ವಿಷಯ ಎಲ್ಲ ಹೇಳಲು ಬಾಯಿ ತೆರೆದದ್ದು ನನಗೆ ಕಾಣಿಸಿತು. ಮತ್ತೆ ಮುಚ್ಚಿದರು.

"ನೀವು ದಾಟಿಬಿಟ್ರಿ" ಎಂದರು.

ನರ್ಸಮ್ಮ ಇನ್ನೊಮ್ಮೆ ಫೋಟೋ ನೋಡಿದರು. ನಿಂತ ನಲವತ್ತೊಂದು ಜನರ ನಡುವೆ, ಒಬ್ಬರು ಅಡ್ಡಡ್ಡ ಸರಿದುಹೋಗುವಷ್ಟು ಜಾಗವಿತ್ತು.

"ಸದ್ಯ" ಎಂದು, ಚೀಲ ಹೆಗಲಿಗೇರಿಸಿಕೊಂಡು, ಬೆಂಚು ಬಳಸಿ ನಡೆದರು.